ಪಾರಾದ ಮೇಲಿನ ವರ್ಷಗಳು

ಕ್ಯಾನ್ಸರಿನ ಚರಿತ್ರೆ ಬರೆದವರು ಹೆಚ್ಚಾಗಿ ಶಸ್ತ್ರ, ಕಿರಣ, ಔಷಧಗಳ ಕಥೆ ಹೇಳುತ್ತಾರೆ. ರೋಗಿ ಬದುಕಿದಳು ಎಂಬಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಬದುಕಿದವಳು ಮುಂದಿನ ಇಪ್ಪತ್ತು ಮೂವತ್ತು ವರ್ಷ ಹೇಗೆ ಕಳೆದಳು ಎಂದು ಕೇಳುವ ಗೋಜಿಗೆ ವೈದ್ಯಲೋಕ ಬಹುಕಾಲ ಹೋಗಲೇ ಇಲ್ಲ. ನನಗೆ ಈ ವಿಷಯ ಹೊಳೆದದ್ದು ಪುಸ್ತಕದಿಂದಲ್ಲ, ನಮ್ಮ ಚಿಗವ್ವನಿಂದ.

ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿ ಆಕೆಯ ಗಂಡನ ಮನೆ. 1976ರಲ್ಲಿ ಆಕೆಯ ಎಡ ಎದೆಯಲ್ಲಿ ಗಂಟು ಕಂಡಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಷ್ಟೇ ಆರಂಭವಾಗಿತ್ತು. ನಮ್ಮ ಕಡೆಯವರ ಬಾಯಲ್ಲಿ ಇದ್ದದ್ದು ಮುಂಬೈಯ ಟಾಟಾ ಆಸ್ಪತ್ರೆ, 1941ರಿಂದ ನಡೆದು ಬಂದದ್ದು. ಸೊಲ್ಲಾಪುರದವರೆಗೆ ಮೀಟರ್ ಗೇಜ್ ರೈಲು, ಅಲ್ಲಿಂದ ಇನ್ನೊಂದು ಗಾಡಿ. ಮನೆಯಲ್ಲಿ ಯಾರೂ ರೋಗದ ಹೆಸರೆತ್ತಲಿಲ್ಲ. "ದೊಡ್ಡ ಬ್ಯಾನಿ" ಅಷ್ಟೇ.

ಆಕೆಗಾದ ಶಸ್ತ್ರಕ್ರಿಯೆ ಅಮೆರಿಕದ ಹಾಲ್‌ಸ್ಟೆಡ್ ಎಂಬ ವೈದ್ಯ 1894ರಲ್ಲಿ ಪ್ರಕಟಿಸಿದ ಪದ್ಧತಿಯದು. ಮೊಲೆಯ ಜೊತೆಗೆ ಎದೆಯ ಸ್ನಾಯು, ಕಂಕುಳ ಗ್ರಂಥಿ ಎಲ್ಲವನ್ನೂ ತೆಗೆಯುವುದು. ಆರಂಭದ ಹಂತದಲ್ಲಿ ಗಡ್ಡೆಯಷ್ಟನ್ನು ತೆಗೆದು ಕಿರಣ ಕೊಟ್ಟರೂ ಸಾಕು ಎಂದು 1981ರಲ್ಲಿ ಇಟಲಿಯ ವೆರೋನೆಸಿ, 1985ರಲ್ಲಿ ಅಮೆರಿಕದ ಫಿಶರ್ ತೋರಿಸಿಕೊಟ್ಟರು. ಚಿಗವ್ವನ ಪಾಲಿಗೆ ಆ ತಿಳಿವು ತಡವಾಗಿ ಬಂತು.

ಕಂಕುಳ ಗ್ರಂಥಿ ಹೋದ ಮೇಲೆ ದುಗ್ಧರಸ ಹರಿಯುವ ದಾರಿ ಕಟ್ಟುತ್ತದೆ, ಕೈ ಬಾತುಕೊಳ್ಳುತ್ತದೆ. ವೈದ್ಯರಿಗೆ ಅದು ಒಂದು ತೊಡಕು. ಚಿಗವ್ವನಿಗೆ ಅದು ಬಳೆಯ ಪ್ರಶ್ನೆಯಾಯಿತು. ಎಡಗೈಗೆ ಹಸಿರು ಗಾಜಿನ ಬಳೆ ಏರದು. ಮುತ್ತೈದೆಯ ಒಂದು ಕೈ ಬರಿದಾಗಿದ್ದರೆ ಉಡಿ ತುಂಬುವ ಮನೆಗಳಲ್ಲಿ ಏನೇನು ಪಿಸುಮಾತು ಏಳುತ್ತವೆಂದು ನಿಮಗೆ ನಾನು ಹೇಳಬೇಕಿಲ್ಲ. ಕಾಕಾ ಗಟ್ಟಿಯಾಗಿದ್ದರು, ಆದರೂ "ಗಂಡ ಇದ್ದಾಕಿ ಕೈ ಹಿಂಗ್ಯಾಕ?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು. ಅಂದಿನಿಂದ ಚಿಗವ್ವ ಸೀಮಂತ, ಮದುವೆಗಳಿಗೆ ಹೋಗುವುದನ್ನು ಬಿಟ್ಟಳು. ರೋಗಕ್ಕಿಂತ ಇದೇ ಆಕೆಯನ್ನು ಹೆಚ್ಚು ತಿಂದಿತೆಂದು ನನ್ನ ಎಣಿಕೆ.

ತಪಾಸಣೆಗೆ ಮುಂಬೈಗೆ ಹೋಗುವ ತಿಂಗಳು ಬಂತೆಂದರೆ ಊಟ ಸೇರುತ್ತಿರಲಿಲ್ಲ. ಬೆನ್ನು ನೋವು ಬಂದರೂ ಅದೇ ಅನುಮಾನ.

"ಹದಿನೈದು ವರ್ಷ ಆತಲ್ಲ ಚಿಗವ್ವಾ, ಇನ್ನ ಯಾಕ ಅಂಜಿಕಿ?" ಎಂದೆ.

"ನಿಮಗ ಹದಿನೈದು ವರ್ಷ ಆತವಾ. ನನಗ ವರ್ಷಾ ವರ್ಷಾ ಹೊಸದs."

ಮರುಕಳಿಸುವ ಭಯ ಎಂದು ವೈದ್ಯರು ಇದಕ್ಕೆ ಈಗ ಹೆಸರಿಟ್ಟಿದ್ದಾರೆ. ಗುಣವಾಗಿ ಎಷ್ಟೋ ವರ್ಷ ಕಳೆದರೂ ಅದು ಉಳಿಯಬಲ್ಲದು, ಅದು ಮನಸ್ಸಿನ ದುರ್ಬಲತೆಯಲ್ಲ ಎಂದೂ ಒಪ್ಪಿದ್ದಾರೆ. ಒಪ್ಪುವುದಕ್ಕೆ ಎಷ್ಟು ಕಾಲ ಹಿಡಿಯಿತು ನೋಡಿ. 1952ರಲ್ಲಿ ನ್ಯೂಯಾರ್ಕಿನ ತೆರೀಸ್ ಲಾಸರ್ ಎಂಬ ಗೃಹಿಣಿ, ತನಗೆ ಇದೇ ಶಸ್ತ್ರಕ್ರಿಯೆಯಾದ ಮೇಲೆ, ಅಂಥದೇ ಸ್ಥಿತಿಯ ಹೆಂಗಸರ ಹಾಸಿಗೆಯ ಬಳಿ ಹೋಗಿ ಕೂರತೊಡಗಿದಳು. ಕೈಗೆ ವ್ಯಾಯಾಮ, ಕುಪ್ಪಸದೊಳಗೆ ಏನಿಡಬೇಕು, ಗಂಡನ ಎದುರು ಹೇಗಿರಬೇಕು, ಇವೇ ಮಾತು. ಡಾಕ್ಟರುಗಳಿಗೆ ಮೊದಲು ಅದು ಹಿಡಿಸಲಿಲ್ಲ. 1985ರಲ್ಲಿ ಕ್ಯಾನ್ಸರಿನಿಂದ ಪಾರಾದ ಫಿಟ್ಜ್‌ಹ್ಯೂ ಮುಲ್ಲನ್ ಎಂಬ ವೈದ್ಯ, ಚಿಕಿತ್ಸೆ ಮುಗಿದ ಮೇಲಿನ ಬದುಕೂ ವೈದ್ಯಕೀಯದ ವಿಷಯವೇ ಎಂದು ಬರೆದ. ಮುಂಬೈಯ ಟಾಟಾ ಆಸ್ಪತ್ರೆಯಲ್ಲಿ ಗುಣವಾದ ಮಕ್ಕಳಿಗಾಗಿ 1991ರಲ್ಲಿ ಬೇರೆಯೇ ಒಂದು ಕ್ಲಿನಿಕ್ ತೆರೆಯಿತು. 2022ರಲ್ಲಿ ಬಂದ ಟೆಲಿ ಮಾನಸ್, 14416, ಮನಸ್ಸಿನ ಕಷ್ಟಗಳಿಗೆಲ್ಲ ಇರುವ ಸರ್ಕಾರಿ ಫೋನು, ಕನ್ನಡದಲ್ಲೂ ಮಾತಾಡಬಹುದು. ಚಿಗವ್ವನ ಕಾಲಕ್ಕೆ ಹಿಪ್ಪರಗಿಯಲ್ಲಿ ಇದ್ದದ್ದು ಆಕೆಯೊಬ್ಬಳೇ.

1993ರಲ್ಲಿ ಅದೇ ಓಣಿಯ ಒಬ್ಬಾಕೆಗೆ ಅದೇ ಶಸ್ತ್ರಕ್ರಿಯೆಯಾಯಿತು. ಚಿಗವ್ವ ಹಳೆ ಮೆತ್ತನೆ ಸೀರೆಯಲ್ಲಿ ಒಂದು ಪುಟ್ಟ ಚೀಲ ಹೊಲಿದು, ನವಣೆ ತುಂಬಿ, ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಇಷ್ಟು ವರ್ಷ ಆಕೆ ಕುಪ್ಪಸದೊಳಗೆ ಇಟ್ಟುಕೊಂಡದ್ದು ಅದೇ ಎಂದು ನನಗೆ ತಿಳಿದದ್ದು ಆಗ.

"ಅಳ್ಳಿ ತುಂಬಿದರ ಮ್ಯಾಲ ಏರತೈತಿ. ನವಣಿ ಆದರ ಭಾರಕ್ಕ ಕುಂದರತೈತಿ," ಎಂದಳು.

ಆ ಮನೆಯ ಒಳಕೋಣೆಯ ಬಾಗಿಲು ಸಂಜೆಯವರೆಗೆ ತೆರೆಯಲಿಲ್ಲ. ಇಬ್ಬರೂ ಏನು ಮಾತಾಡಿಕೊಂಡರೆಂದು 2004ರಲ್ಲಿ ತೀರಿಕೊಳ್ಳುವವರೆಗೂ ಚಿಗವ್ವ ಯಾರಿಗೂ ಹೇಳಲಿಲ್ಲ. ಆ ವರ್ಷದ ಕೊನೆಗೆ ಮಾತ್ರ ಇಬ್ಬರೂ ಒಟ್ಟಿಗೆ ಒಂದು ಸೀಮಂತಕ್ಕೆ ಹೋಗಿದ್ದರು.