ಕೊಳದ ನೀರಿಗೊಂದು ಲೆಕ್ಕ: ಬೋರ್ಡೋ ಡ್ರಮ್ಮಿನಿಂದ ಈಜುಕೊಳದವರೆಗೆ

ಮೂಡಿಗೆರೆ ಪೇಟೆಯಿಂದ ಕೆಲವು ಮೈಲಿ ದೂರದ ಒಂದು ಕಾಫಿ ತೋಟ. ಹಂಚಿನ ಮನೆ, ಅದರ ಕೆಳಗೆ ಕಣ, ಕಣದ ಪಕ್ಕದಲ್ಲಿ ನೀಲಿ ಟೈಲ್ಸ್ ಹಾಕಿದ ಪುಟ್ಟ ಈಜುಕೊಳ. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದಲ್ಲಿ ಬಿದ್ದಿದ್ದ ಸಿಲ್ವರ್ ಓಕ್ ಎಲೆಯ ನರಗಳನ್ನೂ ಎಣಿಸಬಹುದಿತ್ತು. ಆದರೆ ಹಿಂದಿನ ದಿನ ಅದರಲ್ಲಿ ಈಜಿದ ಮಕ್ಕಳ ಕಣ್ಣು ಕೆಂಪಾಗಿ, ಮೈಯೆಲ್ಲ ತುರಿಕೆ ಎದ್ದಿತ್ತು.

ತೋಟದ ರೈಟರು ನೀರು ಪರೀಕ್ಷೆಯ ಪೆಟ್ಟಿಗೆ ತಂದರು. ಸಣ್ಣ ಗಾಜಿನ ನಳಿಕೆಗೆ ಕೊಳದ ನೀರು ತುಂಬಿ ಒಂದು ಮಾತ್ರೆ ಹಾಕಿದರು. ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗಬೇಕು. ಒಂದು ಕ್ಷಣ ಬಣ್ಣ ಮಿಂಚಿದಂತಾಗಿ ಮಾಯವಾಯಿತು. ಕೊನೆಗೆ ನಳಿಕೆಯಲ್ಲಿ ಉಳಿದದ್ದು ಬರೀ ನೀರು. ‘ನೋಡಿ ಮಾರಾಯ್ರೆ, ಪೌಡರ್ ಸಾಲ್ತಾನೇ ಇಲ್ಲ. ನಾಲ್ಕು ದಿನದಿಂದ ಹಾಕ್ತಾನೇ ಇದ್ದೀನಿ’ ಎಂದರು ಅವರು.

ಯಜಮಾನರ ಸೊಸೆ ರಸಾಯನಶಾಸ್ತ್ರ ಓದಿದವರು. ಅವರು ಜೀಪಿನ ಬ್ಯಾಟರಿಗೆಂದು ತಂದಿಟ್ಟಿದ್ದ ಡಿಸ್ಟಿಲ್ಡ್ ವಾಟರ್ ತರಿಸಿದರು. ಒಂಬತ್ತು ಪಾಲು ಅದಕ್ಕೆ ಒಂದು ಪಾಲು ಕೊಳದ ನೀರು ಬೆರೆಸಿ ಅದೇ ಮಾತ್ರೆ ಹಾಕಿದರು. ಈಗ ನಳಿಕೆ ಚೆನ್ನಾಗಿಯೇ ಗುಲಾಬಿಯಾಯಿತು. ಬಣ್ಣದ ಪಟ್ಟಿಯ ಪಕ್ಕ ಹಿಡಿದರೆ ಲೀಟರಿಗೆ ಎರಡು ಮಿಲಿಗ್ರಾಂ. ಹತ್ತರಿಂದ ಗುಣಿಸಿದರೆ ಇಪ್ಪತ್ತು! ಈಜುಕೊಳಕ್ಕೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಒಂದರಿಂದ ಮೂರು. ಕ್ಲೋರಿನ್ ಕಡಿಮೆಯಾಗಿರಲಿಲ್ಲ, ಅತಿಯಾಗಿ, ಪರೀಕ್ಷೆಯ ಬಣ್ಣವನ್ನೇ ಬಟ್ಟೆಯ ಕಲೆಯಂತೆ ತೊಳೆದುಹಾಕಿತ್ತು. ಸೊನ್ನೆ ಎಂದು ನಂಬಿ ಮತ್ತೆ ಮತ್ತೆ ಪೌಡರ್ ಸುರಿದದ್ದೇ ಮಕ್ಕಳ ಕಣ್ಣಿಗೆ ಮುಳುವಾಗಿತ್ತು.

ಕಾಫಿಗೆ ಬೆಲೆ ನೆಲಕಚ್ಚಿದ 2000ದ ನಂತರದ ವರ್ಷಗಳಲ್ಲಿ ಈ ಗುಡ್ಡಗಳ ಎಷ್ಟೋ ಮನೆಗಳು ಹೋಂಸ್ಟೇಗಳಾದವು. ಅತಿಥಿಗಳ ಹಿಂದೆಯೇ ಈಜುಕೊಳವೂ ಬಂತು. ಕೆರೆ, ಹಳ್ಳ, ಬಾವಿಯ ನೀರನ್ನು ಕಣ್ಣಳತೆಯಲ್ಲೇ ತಿಳಿದಿದ್ದ ಮಲೆನಾಡಿಗರಿಗೆ ನಿಂತ ನೀರನ್ನು ಅಳೆದು ಸಂಭಾಳಿಸುವ ಈ ವಿದ್ಯೆ ಹೊಸದೆನಿಸುತ್ತದೆ. ನಿಜವಾಗಿ ಅಷ್ಟು ಹೊಸದೇ?

ಅರಿಶಿನ, ಸುಣ್ಣ ಮತ್ತು ಕತ್ತಿಯ ಅಲಗು

ಮದುವೆ ಮನೆಯ ಆರತಿ ತಟ್ಟೆಯನ್ನು ನೆನಪಿಸಿಕೊಳ್ಳಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕ್ಷಣಾರ್ಧದಲ್ಲಿ ಕೆಂಪು ಓಕುಳಿ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಕ್ಷಾರ ಯಾವುದು, ಆಮ್ಲ ಯಾವುದು ಎಂದು ಬಣ್ಣದಿಂದ ಹೇಳುವ ಪರೀಕ್ಷೆ ಇದೇ. ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ 1664ರಲ್ಲಿ ಬಣ್ಣಗಳ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ವಯೊಲೆಟ್ ಹೂವಿನ ಪಾಕದಿಂದ ಇಂಥದ್ದೇ ಪರೀಕ್ಷೆಯನ್ನು ವಿವರಿಸಿದ. ನಮ್ಮ ಅಜ್ಜಿಯರು ಗ್ರಂಥ ಬರೆಯಲಿಲ್ಲ, ಅಷ್ಟೇ.

ಕಾಫಿ, ಅಡಿಕೆ ಬೆಳೆಗಾರರಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದ್ರಾಕ್ಷಿಯ ರೋಗಕ್ಕೆಂದು ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಚುರಪಡಿಸಿದ ಮೈಲುತುತ್ತ-ಸುಣ್ಣದ ಮಿಶ್ರಣವೇ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಇದರ ಸಿಂಪಡಣೆಯನ್ನು ಮಲೆನಾಡಿನಲ್ಲಿ ಬಳಕೆಗೆ ತಂದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾದದ್ದರ ಹಿಂದೆಯೂ ಅವರೇ ಇದ್ದರು. ಶೇಕಡ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಆದರೆ ಸುಣ್ಣದ ಗುಣ ಎಲ್ಲ ಕಡೆ ಒಂದೇ ಇರುವುದಿಲ್ಲ. ಆದ್ದರಿಂದ ಕೆಲಸದವರು ಹೊಳೆಯುವ ಕತ್ತಿಯ ಅಲಗನ್ನು ಡ್ರಮ್ಮಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ದ್ರಾವಣ ಇನ್ನೂ ಹುಳಿ, ಎಲೆ ಸುಡುತ್ತದೆ, ಸುಣ್ಣ ಹಾಕು ಎಂದರ್ಥ. ಅಲಗು ಹಾಗೇ ಇದ್ದರೆ ಸರಿ.

ಈಜುಕೊಳದ ನೀರಿನ ‘ಸಮತೋಲನ’ವೂ ತತ್ತ್ವದಲ್ಲಿ ಈ ಡ್ರಮ್ಮಿನದೇ ಮುಂದುವರಿಕೆ. ಮೈಲುತುತ್ತಕ್ಕೂ ಕೊಳಕ್ಕೂ ನೇರ ನೆಂಟಸ್ತಿಕೆಯೇ ಇದೆ: ಕುಡಿಯುವ ನೀರಿನ ಜಲಾಶಯಗಳ ಪಾಚಿಯನ್ನು ಅತ್ಯಲ್ಪ ಮೈಲುತುತ್ತದಿಂದ ಕೊಲ್ಲಬಹುದೆಂದು ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ 1904ರಲ್ಲಿ ವರದಿ ಮಾಡಿದ್ದರು.

ಕೊಳಕು ದಿನಕ್ಕೆ ಕಡಿಮೆ ದರ

ಹರಿಯುವ ನೀರಿಗೆ ಈ ತಲೆನೋವಿಲ್ಲ. ಕಳಸದಲ್ಲಿ ಭದ್ರೆಯ ಪಂಚತೀರ್ಥಗಳಲ್ಲಿ ಮುಳುಗೇಳುವವರ ಬೆವರು, ಎಣ್ಣೆ, ಕೊಳೆಯನ್ನು ಹೊಳೆ ಹೊತ್ತೊಯ್ಯುತ್ತದೆ. ಹಳೇಬೀಡಿನ ಬಳಿಯ ಹುಲಿಕೆರೆಯಲ್ಲಿರುವ ಹೊಯ್ಸಳರ ಕಾಲದ ಕಲ್ಯಾಣಿಯಂಥ ನಿಂತ ನೀರಿನ ವಿಷಯ ಬೇರೆ. ಅಲ್ಲಿ ಹೂಳೆತ್ತುವುದು, ಪಾಚಿ ತೆಗೆಯುವುದು ಊರವರ ಹೊಣೆ.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಸಾರ್ವಜನಿಕ ಕೊಳಗಳಲ್ಲಿ ನೀರನ್ನು ತುಂಬಿಸುವುದು, ಕೊಳೆತಾಗ ಖಾಲಿ ಮಾಡುವುದು, ಇಷ್ಟೇ ವ್ಯವಸ್ಥೆ. ಹೊಸ ನೀರಿನ ದಿನ ಹೆಚ್ಚು ದರ, ವಾರ ಕಳೆದಂತೆ ನೀರು ಕದಡಿದಾಗ ಕಡಿಮೆ ದರ! ಬಡವರಿಗೆ ಸಿಗುತ್ತಿದ್ದುದು ಕೊನೆಯ ದಿನದ ನೀರು.

ಅದನ್ನು ಬದಲಿಸಿದ್ದು ಕ್ಲೋರಿನ್. ಸ್ವೀಡನ್ನಿನ ಶೇಲೆ 1774ರಲ್ಲಿ ಈ ಅನಿಲವನ್ನು ಪಡೆದ. ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ 1799ರಲ್ಲಿ ಅದನ್ನು ಸುಣ್ಣದಲ್ಲಿ ಹಿಡಿದಿಟ್ಟು ಬ್ಲೀಚಿಂಗ್ ಪೌಡರ್ ಮಾಡಿದ. ಉದ್ದೇಶ ಬಟ್ಟೆ ಬಿಳುಪುಮಾಡುವುದು. ಇಂಗ್ಲೆಂಡಿನ ಲಿಂಕನ್ ನಗರದಲ್ಲಿ 1905ರಲ್ಲಿ ವಿಷಮಶೀತ ಜ್ವರ ಹಬ್ಬಿದಾಗ ಅಲೆಕ್ಸಾಂಡರ್ ಹ್ಯೂಸ್ಟನ್ ಊರಿನ ನೀರಿಗೆ ಕ್ಲೋರಿನ್ ದ್ರಾವಣ ಬೆರೆಸಿದರು. ಅಮೆರಿಕದ ಜೆರ್ಸಿ ಸಿಟಿಯಲ್ಲಿ ಅದು 1908ರಲ್ಲಿ ನಿತ್ಯದ ಪದ್ಧತಿಯಾಯಿತು. 1910ರ ಸುಮಾರಿಗೆ ಅಲ್ಲಿನ ಬ್ರೌನ್ ವಿಶ್ವವಿದ್ಯಾಲಯದ ಈಜುಕೊಳಕ್ಕೂ ಕ್ಲೋರಿನ್ ಬಂತು.

ಹಾಕುವುದೇನೋ ಸುಲಭ. ಎಷ್ಟು ಹಾಕಬೇಕು, ಹಾಕಿದ್ದರಲ್ಲಿ ಎಷ್ಟು ಉಳಿದಿದೆ? ಇದಕ್ಕೆ ನಮ್ಮ ನೆಲದಲ್ಲಿ ದೀರ್ಘಕಾಲ ಬಳಕೆಯಾದ ಉತ್ತರ ಹಾರಕ್ಸ್ ಪೆಟ್ಟಿಗೆ. ಬ್ರಿಟಿಷ್ ಸೈನ್ಯದ ವೈದ್ಯಾಧಿಕಾರಿ ವಿಲಿಯಂ ಹಾರಕ್ಸ್ ಹೆಸರಿನ ಈ ಪೆಟ್ಟಿಗೆಯಲ್ಲಿ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, ಎರಡು ಗ್ರಾಂ ಹಿಡಿಯುವ ಚಮಚ. ಕಪ್ಪು ಬಟ್ಟಲಿನಲ್ಲಿ ಒಂದು ಚಮಚ ಬ್ಲೀಚಿಂಗ್ ಪೌಡರ್ ಕದಡಿ, ಬಾವಿನೀರು ತುಂಬಿದ ಬಿಳಿ ಬಟ್ಟಲುಗಳಿಗೆ ಅದರ ತಿಳಿಯನ್ನು ಕ್ರಮವಾಗಿ ಒಂದು, ಎರಡು, ಮೂರು ಎಂದು ಆರು ಹನಿವರೆಗೆ ಬಿಡಬೇಕು. ಅರ್ಧ ಗಂಟೆ ಕಾದು, ಪಿಷ್ಟ ಮತ್ತು ಅಯೊಡೈಡ್ ಸೇರಿದ ಸೂಚಕವನ್ನು ಹಾಕಬೇಕು. ಮೊದಲು ನೀಲಿಯಾದ ಬಟ್ಟಲು ಮೂರನೆಯದಾದರೆ, 455 ಲೀಟರ್ ನೀರಿಗೆ ಮೂರು ಚಮಚ, ಅಂದರೆ ಆರು ಗ್ರಾಂ ಪೌಡರ್. ಸಮುದಾಯ ಆರೋಗ್ಯದ ಪಠ್ಯಗಳಲ್ಲಿ ಇದು ಇಂದಿಗೂ ಇದೆ. ಈ ಪೆಟ್ಟಿಗೆಯ ಜಾಣತನ ಗಮನಿಸಿ: ಅದು ಊಹಿಸುವುದಿಲ್ಲ, ಆಯಾ ಬಾವಿಯ ನೀರನ್ನೇ ಕೇಳುತ್ತದೆ.

ಉಳಿದ ಕ್ಲೋರಿನ್ ಅಳೆಯಲು ಬಹುಕಾಲ ಆರ್ಥೊಟಾಲಿಡಿನ್ ಎಂಬ ದ್ರಾವಣ ಬಳಕೆಯಲ್ಲಿತ್ತು, ನೀರು ಹಳದಿಯಾಗುತ್ತಿತ್ತು. ಅದು ಆರೋಗ್ಯಕ್ಕೆ ಅಪಾಯಕಾರಿ ಎಂದು ತಿಳಿದ ಮೇಲೆ ಹಿಂದೆ ಸರಿಯಿತು. ಇಂಗ್ಲೆಂಡಿನ ನ್ಯೂಕಾಸಲ್‌ನ ನೀರು ಸರಬರಾಜು ಕಂಪನಿಯಲ್ಲಿದ್ದ ಪ್ಯಾಲಿನ್ 1957ರಲ್ಲಿ ಪ್ರಕಟಿಸಿದ ಡಿಪಿಡಿ ವಿಧಾನವೇ ಇಂದಿನ ಗುಲಾಬಿ ಮಾತ್ರೆ. ರೈಟರನ್ನು ದಾರಿ ತಪ್ಪಿಸಿದ್ದು ಇದೇ.

ಹಸಿದ ನೀರು

ಕ್ಲೋರಿನ್ ಎಷ್ಟಿದೆ ಎಂದಷ್ಟೇ ತಿಳಿದರೆ ಅರ್ಧ ಸತ್ಯ. ನೀರಿನ ರಸಸಾರ, ಅಂದರೆ ಪಿಎಚ್, ಎಷ್ಟು ಎಂಬುದು ಮಿಕ್ಕರ್ಧ. ಈ ಅಳತೆಗೋಲನ್ನು 1909ರಲ್ಲಿ ಕೊಟ್ಟವರು ಡೆನ್ಮಾರ್ಕಿನ ಸೋರೆನ್‌ಸೆನ್, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ಅದನ್ನು ಯಂತ್ರದಲ್ಲಿ ಓದುವ ಮೀಟರನ್ನು ಅರ್ನಾಲ್ಡ್ ಬೆಕ್ಮನ್ 1934ರಲ್ಲಿ ಮಾಡಿದ್ದು ಕ್ಯಾಲಿಫೋರ್ನಿಯದ ನಿಂಬೆರಸದ ಹುಳಿ ಅಳೆಯಲು. ಬಿಯರು, ನಿಂಬೆ, ದ್ರಾಕ್ಷಿ! ಈಜುಕೊಳದ ವಿಜ್ಞಾನಕ್ಕೆ ಕೊಳಕ್ಕಿಂತ ತೋಟ, ಅಂಗಡಿಗಳೇ ಹೆಚ್ಚು ಕೊಟ್ಟಿವೆ.

ಪಿಎಚ್ ಏಳೂವರೆಯ ಆಸುಪಾಸಿನಲ್ಲಿದ್ದಾಗ ನೀರಿನಲ್ಲಿರುವ ಮುಕ್ತ ಕ್ಲೋರಿನ್‌ನಲ್ಲಿ ಸುಮಾರು ಅರ್ಧ ಭಾಗ ಚುರುಕಾಗಿ ರೋಗಾಣು ಕೊಲ್ಲುವ ರೂಪದಲ್ಲಿರುತ್ತದೆ. ಎಂಟಕ್ಕೇರಿದರೆ ಅದು ಕಾಲುಭಾಗಕ್ಕೆ ಇಳಿಯುತ್ತದೆ. ಬ್ಲೀಚಿಂಗ್ ಪೌಡರ್‌ನಲ್ಲಿ ಸುಣ್ಣವಿರುವುದರಿಂದ ಹಾಕಿದಷ್ಟೂ ಪಿಎಚ್ ಏರುತ್ತದೆ. ಅಂದರೆ ಅಳತೆಯಿಲ್ಲದೆ ಔಷಧಿ ಹೆಚ್ಚಿಸಿದರೆ ಔಷಧಿಯ ಶಕ್ತಿಯೇ ಕುಗ್ಗುತ್ತದೆ. ಹೀಗಾಗಿ 7.2ರಿಂದ 7.8ರೊಳಗೆ ಇರಿಸಿಕೊಳ್ಳಿ ಎನ್ನುತ್ತಾರೆ. ಇದನ್ನು ತೋರಿಸುವ ಫಿನಾಲ್ ರೆಡ್ ಹನಿಯೂ ಕ್ಲೋರಿನ್ ಅತಿಯಾದರೆ ನೇರಳೆಗೆ ತಿರುಗಿ ಸುಳ್ಳು ಹೇಳುತ್ತದೆ. ಆದ್ದರಿಂದ ಮೊದಲು ಕ್ಲೋರಿನ್, ಆಮೇಲೆ ಪಿಎಚ್.

ಇನ್ನೊಂದು ತಪ್ಪು ನಂಬಿಕೆ: ಕೊಳದಿಂದ ಘಾಟು ಬಂದರೆ ಕ್ಲೋರಿನ್ ಜಾಸ್ತಿ ಎಂಬುದು. ಆ ಘಾಟಿಗೆ ಬಹುಪಾಲು ಕಾರಣ ಬೆವರು, ಮೂತ್ರಗಳೊಡನೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್. ಕೊಳಕ್ಕಿಳಿಯುವ ಮುನ್ನ ಸ್ನಾನ ಮಾಡಿ ಎಂಬ ಫಲಕಕ್ಕೆ ಇದೇ ಕಾರಣ. ಅದನ್ನು ಪಾಲಿಸುವವರು ಎಷ್ಟು ಮಂದಿಯೋ!

ನಮ್ಮ ಗುಡ್ಡಗಳಿಗೆ ವಿಶೇಷವಾಗಿ ಅನ್ವಯಿಸುವ ಸಂಗತಿ ನೀರಿನ ಮೆದುತನ. ಜಂಬಿಟ್ಟಿಗೆ, ಗಟ್ಟಿ ಬಂಡೆಗಳ ನಡುವೆ ಇಳಿದು ಬರುವ ಮಲೆನಾಡಿನ ಒರತೆಯ ನೀರಿನಲ್ಲಿ ಸುಣ್ಣದಂಶ ಬಹಳ ಕಡಿಮೆ. ಬೇಳೆ ಬೇಗ ಬೇಯುತ್ತದೆ, ಸೋಪು ನೊರೆ ಕಾರುತ್ತದೆ. ಆದರೆ ಸಿಮೆಂಟಿನ ಕೊಳದಲ್ಲಿ ಇದು ಹಸಿದ ನೀರು. ತನಗಿಲ್ಲದ ಸುಣ್ಣವನ್ನು ಗೋಡೆಯಿಂದಲೇ ಕಿತ್ತುಕೊಳ್ಳುತ್ತದೆ. ಟೈಲ್ಸ್ ನಡುವಿನ ಸಿಮೆಂಟ್ ಉದುರುತ್ತದೆ, ಗಾರೆ ತರಿತರಿಯಾಗುತ್ತದೆ. ನೀರು ಸುಣ್ಣವನ್ನು ಕಿತ್ತುಕೊಳ್ಳುವುದೋ ಬಿಟ್ಟುಕೊಡುವುದೋ ಎಂದು ಲೆಕ್ಕಹಾಕುವ ಸೂತ್ರವನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲ್ಯಾಂಗ್‌ಲಿಯರ್ 1936ರಲ್ಲಿ ಕೊಟ್ಟರು. ಅವರ ಚಿಂತೆ ಊರಿನ ನೀರಿನ ಕೊಳವೆಗಳದ್ದು. ಪಿಎಚ್, ಕ್ಯಾಲ್ಸಿಯಂ, ಕ್ಷಾರತೆ, ಉಷ್ಣತೆ, ಕರಗಿದ ಲವಣ, ಈ ಐದನ್ನೂ ಒಟ್ಟಿಗೆ ನೋಡಬೇಕೆಂಬುದು ಅದರ ಸಾರ.

ಕ್ಷಾರತೆ ಎಂದರೆ ಪಿಎಚ್ ಸುಲಭವಾಗಿ ಕುಪ್ಪಳಿಸದಂತೆ ಹಿಡಿದಿಡುವ ಶಕ್ತಿ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೊಳದಲ್ಲಿ 75,000 ಲೀಟರ್ ನೀರು. ಅದರ ಕ್ಷಾರತೆಯನ್ನು ಲೀಟರಿಗೆ ಹತ್ತು ಮಿಲಿಗ್ರಾಂ ಏರಿಸಲು ಬೇಕಾದದ್ದು ಸುಮಾರು ಒಂದೂಕಾಲು ಕಿಲೋ ಅಡುಗೆ ಸೋಡಾ. ಅದೇ ಕೊಳದಲ್ಲಿ ಕ್ಲೋರಿನ್ ಒಂದು ಮಿಲಿಗ್ರಾಂ ಏರಿಸಲು ಶೇಕಡ 30ರ ಬ್ಲೀಚಿಂಗ್ ಪೌಡರ್ ಕಾಲು ಕಿಲೋ ಸಾಕು. ‘ಒಂದು ಬೊಗಸೆ’, ‘ಎರಡು ಮಗ್ಗು’ ಎಂಬ ಅಳತೆ ಇಲ್ಲಿ ನಡೆಯದು.

ಇಷ್ಟೆಲ್ಲ ಸರಿಮಾಡಿದ ಮೇಲೆ ಮುಂಗಾರು ಬರುತ್ತದೆ. ಆರಿದ್ರಾ, ಪುನರ್ವಸು ಮಳೆ ಹೊಯ್ಯುವಾಗ ಒಂದೇ ದಿನ ನೂರು ಮಿಲಿಮೀಟರ್ ಸುರಿದರೆ ಆ ಕೊಳಕ್ಕೆ ಬೀಳುವ ಮಳೆನೀರು 5,000 ಲೀಟರ್. ಮಳೆಗಾಲದಲ್ಲಿ ಎರಡು ಮೀಟರ್ ಮಳೆಯಾದರೆ ಒಂದು ಲಕ್ಷ ಲೀಟರ್, ಕೊಳದ ನೀರಿಗಿಂತಲೂ ಹೆಚ್ಚು. ಸೋಡಾ, ಸುಣ್ಣ, ಕ್ಲೋರಿನ್ ಎಲ್ಲವೂ ಕೋಡಿ ಹರಿದು ಹೋಗುತ್ತವೆ. ಬಯಲುಸೀಮೆಗೆಂದು ಬರೆದ ಕೈಪಿಡಿಯನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ಕೆಲಸ ಕೆಡುವುದು ಇದರಿಂದಲೇ.

ಬೇಸಿಗೆಯದು ತದ್ವಿರುದ್ಧ ಕಷ್ಟ. ಬಿಸಿಲು ಕೆಲವೇ ಗಂಟೆಗಳಲ್ಲಿ ಕ್ಲೋರಿನ್ ಕರಗಿಸುತ್ತದೆ. ಅದನ್ನು ತಡೆಯುವ ಸಯನ್ಯೂರಿಕ್ ಆಮ್ಲ ಬೆರೆತ ಟ್ರೈಕ್ಲೋರ್ ಬಿಲ್ಲೆಗಳು ಸಿಗುತ್ತವೆ. ಆದರೆ ಕ್ಲೋರಿನ್ ಖರ್ಚಾದರೂ ಆ ಆಮ್ಲ ಖರ್ಚಾಗದೆ ಉಳಿದು ಬೆಳೆಯುತ್ತ ಹೋಗಿ, ಕೊನೆಗೆ ಕ್ಲೋರಿನ್ನನ್ನೇ ಮಂದಗೊಳಿಸುತ್ತದೆ. ಈ ಬಿಲ್ಲೆಯನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಿದರೆ ಸ್ಫೋಟವಾಗಬಹುದು. ಪಿಎಚ್ ಇಳಿಸಲು ತಂದ ಆಸಿಡ್ಡನ್ನು ಪೌಡರಿನ ಮೇಲೆ ಸುರಿದರೆ ಹೊಮ್ಮುವುದು, 1915ರಲ್ಲಿ ಬೆಲ್ಜಿಯಂನ ಈಪರ್ ರಣರಂಗದಲ್ಲಿ ಸೈನಿಕರನ್ನು ಕೊಂದ ಅದೇ ಅನಿಲ. ತೋಟದ ಗೋದಾಮಿನಲ್ಲಿ ಗೊಬ್ಬರ, ಮೈಲುತುತ್ತ, ಪೌಡರ್, ಆಸಿಡ್ ಒಂದೇ ಮೂಲೆಯಲ್ಲಿ ಇರುವುದನ್ನು ನಾನು ಕಂಡಿದ್ದೇನೆ. ಇದನ್ನು ಮಾತ್ರ ಇವತ್ತೇ ಬದಲಿಸಬೇಕು.

ಆ ಮನೆಯವರು ಮಾಡಿದ್ದು ಸರಳ ಕೆಲಸ. ಕೊಳಕ್ಕೆ ಯಾರೂ ಇಳಿಯದಂತೆ ಹಗ್ಗ ಕಟ್ಟಿದರು, ಪೌಡರ್ ನಿಲ್ಲಿಸಿದರು, ಬಿಸಿಲಿಗೆ ಬಿಟ್ಟರು. ನೀರನ್ನು ಹಳ್ಳಕ್ಕೆ ಹರಿಸಿಬಿಡೋಣವೇ ಎಂದು ಒಬ್ಬರು ಕೇಳಿದಾಗ ಯಜಮಾನರು ಒಪ್ಪಲಿಲ್ಲ. ಕ್ಲೋರಿನ್ ನೀರು ಮೀನಿಗೆ ವಿಷ. ಆ ಹಳ್ಳ ಸೇರುವುದು ಇದೇ ತಾಲ್ಲೂಕಿನಲ್ಲಿ ಹುಟ್ಟಿ ಹರಿಯುವ ಹೇಮಾವತಿಯನ್ನು. ದಿನಾ ಬೆಳಿಗ್ಗೆ ಮೊಣಕೈ ಆಳದ ನೀರು ತೆಗೆದು ಪರೀಕ್ಷಿಸಿದರು. ಕ್ಲೋರಿನ್ ಮೂರರ ಕೆಳಗಿಳಿದ ಮೇಲೆ ಪಿಎಚ್ ನೋಡಿ ತಿದ್ದಿದರು.

ಕಾಫಿ ತೋಟಗಳಲ್ಲಿ ಮಳೆ ಪುಸ್ತಕ ಇಡುವುದು ಹಳೆಯ ಪದ್ಧತಿ. ಹೂಮಳೆ ಎಷ್ಟು ಸೆಂಟ್ಸ್ ಬಿತ್ತು, ಜುಲೈಯಲ್ಲಿ ಎಷ್ಟು ಇಂಚು ಎಂದು ತಲೆಮಾರುಗಳ ಲೆಕ್ಕ ಅದರಲ್ಲಿರುತ್ತದೆ. ನಾನು ಹೊರಡುವಾಗ ರೈಟರು ಆ ಪುಸ್ತಕದಲ್ಲಿ ಸ್ಕೇಲು ಇಟ್ಟು ಮಳೆಯ ಅಂಕಣದ ಪಕ್ಕದಲ್ಲೇ ಇನ್ನೆರಡು ಗೆರೆ ಎಳೆಯುತ್ತಿದ್ದರು. ಒಂದಕ್ಕೆ ‘ಕ್ಲೋರಿನ್’ ಎಂದೂ ಇನ್ನೊಂದಕ್ಕೆ ‘ರಸಸಾರ’ ಎಂದೂ ಬರೆದರು.