ಸಿಂಗಪುರದ ಪಾಠಶಾಲೆಗಳಲ್ಲಿ ತಮಿಳು

ರಾಜಮನ್ನಣೆ ದೊರೆತ ಮಾತ್ರದಿಂದಲೇ ಭಾಷೆಯೊಂದು ಮಕ್ಕಳ ನಾಲಗೆಯಲ್ಲಿ ನೆಲೆಗೊಳ್ಳುವುದೆಂದು ತಿಳಿಯಲಾಗದು. ಸಿಂಗಪುರದಲ್ಲಿ ತಮಿಳು ನಡೆದುಬಂದ ದಾರಿಯು ಇದಕ್ಕೆ ಸಾಕ್ಷಿಯಾಗಿರುವುದರಿಂದ, ಆ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಆಂಗ್ಲರ ಆಳಿಕೆಯ ಕಾಲದಲ್ಲಿ ಕೂಲಿಗಾಗಿಯೂ ವ್ಯಾಪಾರಕ್ಕಾಗಿಯೂ ಕಡಲನ್ನು ದಾಟಿದ ತಮಿಳರು ಅಲ್ಲಿ ತಮ್ಮ ಮಕ್ಕಳಿಗಾಗಿ ಚಿಕ್ಕ ಚಿಕ್ಕ ಶಾಲೆಗಳನ್ನು ನಡೆಸುತ್ತಿದ್ದರು. 1935ರಲ್ಲಿ ಸಾರಂಗಪಾಣಿಯವರು 'ತಮಿಳ್ ಮುರಸು' ಪತ್ರಿಕೆಯನ್ನು ಹೊರಡಿಸಿದರು. 1946ರಲ್ಲಿ ಕಡೈಯನಲ್ಲೂರಿನಿಂದ ಬಂದು ನೆಲಸಿದ್ದ ತಮಿಳು ಮುಸಲ್ಮಾನರು, 'ಸೀರಾಪ್ಪುರಾಣ'ದ ಕರ್ತೃವಾದ ಉಮರುಪ್ಪುಲವರ್ ಕವಿಯ ಹೆಸರಿನಲ್ಲಿ ಒಂದು ಪಾಠಶಾಲೆಯನ್ನು ಸ್ಥಾಪಿಸಿದರು. 1965ರಲ್ಲಿ ಆ ದ್ವೀಪವು ಸ್ವತಂತ್ರ ರಾಜ್ಯವಾದಾಗ ಮಲಯ, ಚೀನೀ, ಇಂಗ್ಲಿಷುಗಳೊಡನೆ ತಮಿಳಿಗೂ ಅಧಿಕೃತ ಸ್ಥಾನವು ದೊರೆಯಿತು. ಮರುವರ್ಷದಿಂದ ಪ್ರೌಢಶಾಲೆಗಳಲ್ಲಿಯೂ ಎರಡನೆಯ ಭಾಷೆಯ ಕಲಿಕೆ ಕಡ್ಡಾಯವಾಯಿತು.

ಆದರೆ ಉದ್ಯೋಗದ ಬಾಗಿಲನ್ನು ತೆರೆಯುತ್ತಿದ್ದುದು ಇಂಗ್ಲಿಷು. ತಾಯಿತಂದೆಗಳು ಮಕ್ಕಳನ್ನು ಅತ್ತ ಕಳುಹಿಸಿದರು. ತಮಿಳು ಶಾಲೆಗಳು ಬರಿದಾದುವು. ಕೊನೆಯದಾಗಿ ಉಳಿದಿದ್ದ ಉಮರುಪ್ಪುಲವರ್ ಶಾಲೆಯೂ 1982ರಲ್ಲಿ ಮುಚ್ಚಿತು. 1987ರ ವೇಳೆಗೆ ಎಲ್ಲ ಶಾಲೆಗಳಲ್ಲಿಯೂ ಇಂಗ್ಲಿಷೇ ಬೋಧನಮಾಧ್ಯಮವಾಗಿ, ತಮಿಳು ಒಂದು ಪಾಠವಿಷಯವಾಗಿ ಮಾತ್ರ ಉಳಿಯಿತು.

ಹೀಗೆ ಉಳಿದ ತಮಿಳಾದರೂ ಎಂತಹುದು? ತಮಿಳಿನಲ್ಲಿ ಗ್ರಂಥಭಾಷೆಗೂ ಆಡುನುಡಿಗೂ ಇರುವ ಅಂತರವು ಬಹು ದೊಡ್ಡದು. ನಾವು 'ಬರುತ್ತಾರೆ' ಎಂದು ಬರೆದು 'ಬರ್ತಾರೆ' ಎನ್ನುವೆವು. ತಮಿಳರು 'ವರುಗಿರಾರ್ಗಳ್' ಎಂದು ಬರೆದು 'ವರ್ರಾಂಗ' ಎನ್ನುವರು. ಶಾಲೆಯಾದರೋ ಬಹುಕಾಲ ಗ್ರಂಥಭಾಷೆಯನ್ನೇ ಶುದ್ಧವೆಂದೆಣಿಸಿ, ಆಡುನುಡಿಯನ್ನು ತರಗತಿಯ ಹೊಸ್ತಿಲಾಚೆಗೆ ನಿಲ್ಲಿಸಿತ್ತು. ಮಗುವು ಅಜ್ಜಿಯೊಡನೆ ಆಡುತ್ತಿದ್ದ ಮಾತು ಅಲ್ಲಿ ತಪ್ಪೆನಿಸಿತು. ಅಲ್ಲಿ ಒಪ್ಪೆನಿಸಿದ ಮಾತಿನಲ್ಲಿ ಅಜ್ಜಿಯೊಡನೆ ಹರಟುವಂತಿರಲಿಲ್ಲ. ಎರಡರ ನಡುವೆ ಸಿಕ್ಕಿದ ಮಗುವಿಗೆ ಇಂಗ್ಲಿಷೇ ಸುಲಭವಾಗಿ ತೋರಿದ್ದರೆ ಆಶ್ಚರ್ಯವೇನು? ಅಮೆರಿಕದ ಭಾಷಾಶಾಸ್ತ್ರಜ್ಞರಾದ ಹೆರಾಲ್ಡ್ ಶಿಫ್‌ಮನ್ನರು ಸಿಂಗಪುರದ ಈ ಬೋಧನಕ್ರಮವನ್ನು ವಿಮರ್ಶಿಸಿ ಬರೆದರು.

2005ರಲ್ಲಿ ತಮಿಳು ಪಠ್ಯಕ್ರಮವನ್ನು ಪರಿಶೀಲಿಸಿದ ಸಮಿತಿಯು ಈ ಗಂಟನ್ನು ಬಿಚ್ಚಲು ಯತ್ನಿಸಿತು. ಶಿಷ್ಟವಾದ ಆಡುನುಡಿಗೆ ತರಗತಿಯಲ್ಲಿ ಸ್ಥಾನವಿರಬೇಕು, ಮಕ್ಕಳು ಮೊದಲು ಮಾತನಾಡಲು ಬಲ್ಲವರಾಗಬೇಕು ಎಂಬುದು ಅದರ ಆಶಯ. ಗ್ರಂಥಭಾಷೆಯನ್ನು ಕೈಬಿಡಬೇಕೆಂದಲ್ಲ, ಅದಕ್ಕೇರುವ ಮೆಟ್ಟಿಲು ಮನೆಯ ಮಾತಾಗಬೇಕೆಂದು.

ಮದ್ದು ತಡವಾಗಿ ಬಂದಿತೆನ್ನಬೇಕು. ಅಲ್ಲಿನ ಭಾರತೀಯ ಸಂತತಿಯವರಲ್ಲಿ, ಮನೆಯಲ್ಲಿ ತಮಿಳನ್ನೇ ಹೆಚ್ಚಾಗಿ ಆಡುವವರು 2000ದ ಜನಗಣತಿಯಲ್ಲಿ ನೂರಕ್ಕೆ ಸುಮಾರು 43 ಮಂದಿ. 2010ರಲ್ಲಿ ಸುಮಾರು 37. ಇದಕ್ಕೆ ಶಾಲೆಯೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಮನೆಯೇ ಕೈಬಿಟ್ಟ ನುಡಿಯನ್ನು ವಾರದ ಕೆಲವು ಗಂಟೆಗಳ ಪಾಠವು ಎಷ್ಟೆಂದು ಹಿಡಿದು ನಿಲ್ಲಿಸೀತು?

ಭಾರತ ಸರ್ಕಾರವು 2004ರಲ್ಲಿ ತಮಿಳನ್ನೂ 2008ರಲ್ಲಿ ಕನ್ನಡವನ್ನೂ ಅಭಿಜಾತ ಭಾಷೆಗಳೆಂದು ಮನ್ನಿಸಿತು. ಪ್ರಾಚೀನತೆಯ ಈ ಗೌರವವು ನಮಗೆ ಹೆಮ್ಮೆಯೇ ಸರಿ. ಆದರೆ ಹಳಮೆಯು ನುಡಿಯ ಬೇರು; ಮಕ್ಕಳ ಮಾತು ಅದರ ಚಿಗುರು. ಚಿಗುರಿಲ್ಲದ ಬೇರಿಗೆ ಎಷ್ಟು ನೀರೆರೆದರೇನು? ಮನೆಯಲ್ಲಿ ಮಗುವಿನ ಕನ್ನಡವನ್ನು ತಿದ್ದುವ ಮುನ್ನ, ಅದು ಕನ್ನಡದಲ್ಲಿ ಮಾತನಾಡಿತೆಂದು ಸಂತೋಷಪಡುವುದನ್ನು ನಾವು ಕಲಿಯುವುದು ಲೇಸು.