ಶಾಸನಗಳಲ್ಲಿ ‘ಪರೋಕ್ಷವಿನಯ’: ಅರ್ಥ ಮತ್ತು ಬಳಕೆ

ಕರ್ನಾಟಕದ ಜೈನ ಸ್ಮಾರಕ ಶಾಸನಗಳಲ್ಲಿ ನಿಸಿದಿ, ಪರೋಕ್ಷವಿನಯ ಎಂಬ ಪದಗಳು ಹಲವೆಡೆ ಜೊತೆಯಾಗಿ ಬಂದರೂ ಅವು ಸಮಾನಾರ್ಥಕಗಳಲ್ಲ. ‘ಕುಳಿತುಕೊಳ್ಳು’ ಎಂಬರ್ಥದ ‘ಸದ್’ ಧಾತುವಿಗೆ ಸಂಬಂಧಿಸಿದ ನಿಸಿದಿ (ನಿಸಿಧಿ, ನಿಷಿಧಿ ಎಂಬ ರೂಪಗಳೂ ಉಂಟು) ಮುನಿಗಳು ನೆಲೆಸುವ ತಾಣವನ್ನೂ, ಅವರು ಸಲ್ಲೇಖನದಿಂದ, ಅಂದರೆ ಆಹಾರವನ್ನು ಕ್ರಮವಾಗಿ ತ್ಯಜಿಸುವ ವ್ರತದಿಂದ, ದೇಹ ಬಿಟ್ಟ ಸ್ಥಳವನ್ನೂ, ಅಲ್ಲಿ ನಿಲ್ಲಿಸಿದ ಕಲ್ಲು ಮಂಟಪಗಳನ್ನೂ ಸೂಚಿಸುತ್ತದೆ. ಪರೋಕ್ಷವಿನಯವಾದರೋ ಉಳಿದವರು ಅಗಲಿದವರಿಗೆ ಸಲ್ಲಿಸುವ ಕ್ರಿಯೆಯ ಹೆಸರು.

ಈ ಪದದ ಬೇರು ಶೋಕದಲ್ಲಿಲ್ಲ, ಶಿಷ್ಯಧರ್ಮದಲ್ಲಿದೆ. ಜೈನ ಶಾಸ್ತ್ರದಲ್ಲಿ ವಿನಯವು ಅಭ್ಯಂತರ ತಪಸ್ಸುಗಳಲ್ಲಿ, ಎಂದರೆ ಮನಸ್ಸಿಗೆ ಸಂಬಂಧಿಸಿದ ತಪಸ್ಸುಗಳಲ್ಲಿ ಒಂದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯಕ್ಕೆ ಬರೆದ ‘ಸರ್ವಾರ್ಥಸಿದ್ಧಿ’ ವ್ಯಾಖ್ಯಾನದಲ್ಲಿ ಪೂಜ್ಯಪಾದನು ಉಪಚಾರವಿನಯವನ್ನು ವಿವರಿಸುವಾಗ, ಆಚಾರ್ಯರು ಎದುರಿಗಿದ್ದರೆ ಎದ್ದು ನಿಲ್ಲುವುದನ್ನೂ ಕೈಮುಗಿಯುವುದನ್ನೂ ಹೇಳಿ, ಅವರು ಕಣ್ಣೆದುರಿಗೆ ಇಲ್ಲದಾಗಲೂ ಕೈಮುಗಿಯುವುದು, ಗುಣಕೀರ್ತನೆ ಮಾಡುವುದು, ಮರಳಿ ಮರಳಿ ಸ್ಮರಿಸುವುದು ಅದರಲ್ಲೇ ಸೇರುತ್ತವೆಂದು ಹೇಳುತ್ತಾನೆ. ಅಲ್ಲಿ ‘ಪರೋಕ್ಷ’ವೆಂದರೆ ದೃಷ್ಟಿಗೆ ಬೀಳದ ದೂರವಷ್ಟೆ, ಶಾಸನಗಳಲ್ಲಿ ಅದು ಮರಣದಿಂದಾದ ದೂರವಾಗಿ ಗಟ್ಟಿಗೊಂಡಿದೆ. ಗುರು ಪಕ್ಕದ ಊರಿಗೆ ಹೋದಾಗ ಸಲ್ಲುವ ಮರ್ಯಾದೆಯೇ ಅವನು ಲೋಕ ಬಿಟ್ಟಾಗಲೂ ಸಲ್ಲುತ್ತದೆಂಬ ಈ ಭಾವನೆಯಲ್ಲಿ ಸಾವಿನ ಕುರಿತು ಒಂದು ನಿಶ್ಚಿಂತೆಯೇ ಇದೆಯೆನ್ನಬೇಕು.

ವಿನಯಕ್ಕೆ ಕರ್ತೃ ಬೇಕು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಬಂಡೆಯ ಮೇಲೆಯೇ ಕೊರೆದ ಏಳನೆಯ ಶತಮಾನದ ಹಲವು ಕಿರುಶಾಸನಗಳು ಮುಡಿಪಿದವರ, ಎಂದರೆ ವ್ರತದಿಂದ ದೇಹ ತ್ಯಜಿಸಿದವರ, ಹೆಸರಿಗೇ ತೃಪ್ತಿಪಟ್ಟರೆ, ಹೊಯ್ಸಳರ ಕಾಲದ ಸ್ಮಾರಕಗಳು ಮಾಡಿಸಿದವರನ್ನೂ ಅಷ್ಟೇ ಆಸ್ಥೆಯಿಂದ ದಾಖಲಿಸುತ್ತವೆ: 1176ರಲ್ಲಿ ಗತಿಸಿದ ನಯಕೀರ್ತಿಗೆ ಮಂತ್ರಿ ನಾಗದೇವನು ಮಾಡಿಸಿದ ನಿಸಿದಿಯಲ್ಲಿ ಗುರುವಿನ ಕೀರ್ತಿಯೊಡನೆ ಶಿಷ್ಯನ ಕೀರ್ತಿಯೂ ಕಲ್ಲಿಗೇರಿತು. ಇದನ್ನು ಬರಿಯ ಆತ್ಮಪ್ರಶಂಸೆಯೆಂದು ತಳ್ಳಿಹಾಕುವುದು ಸರಿಯಲ್ಲ. ಸ್ಮರಿಸುವವನಿಲ್ಲದೆ ಸ್ಮರಣೆಯಿಲ್ಲವಾದ್ದರಿಂದ ಅವನ ಹೆಸರು ಆ ವಿನಯದ ಅಂಗವೇ ಆಗಿದೆ.

ಸಂಬಂಧದ ವ್ಯಾಪ್ತಿಯೂ ಗುರುಶಿಷ್ಯರಲ್ಲಿಗೆ ನಿಲ್ಲಲಿಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಸಲ್ಲೇಖನದಿಂದ ಮಡಿದ ತನ್ನ ಮಡದಿ ಲಕ್ಷ್ಮೀಮತಿಗೆ ಚಂದ್ರಗಿರಿಯಲ್ಲಿ ನಿಸಿದಿಯನ್ನು ಮಾಡಿಸಿದಾಗ, ಆಚಾರ್ಯನಿಗೆ ಮೀಸಲಾಗಿದ್ದ ಗೌರವದ ಪದ್ಧತಿ ಗೃಹಿಣಿಗೂ ಸಂದಿತು.